ಎಳೆಯರ ಕೈಗೆ ಎಂಥ ಪುಸ್ತಕ?



ಮಕ್ಕಳಿಗಾಗಿ ಪುಸ್ತಕ ಕೊಳ್ಳುವಾಗ ಹಿರಿಯರಾದ ನಾವು ಹೆಚ್ಚಾಗಿ ಮೊದಲು ತೆರೆಯುವುದು ಕೊನೆಯ ಪುಟವನ್ನು. ಅಲ್ಲಿ ‘ಈ ಕಥೆಯ ನೀತಿ’ ಎಂಬ ಸಾಲು ಕಂಡರೆ ನಮಗೆ ಸಮಾಧಾನ. ಮಗುವಾದರೋ ಆ ಸಾಲೊಂದನ್ನು ಬಿಟ್ಟು ಉಳಿದುದನ್ನೆಲ್ಲ ಓದುತ್ತದೆ. ಈ ಅಂತರವನ್ನು ಅರಿಯದೆ ಆರಿಸಿದ ಪುಸ್ತಕ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ.

ಮೂರನೆಯ ತರಗತಿಯಿಂದ ಐದನೆಯ ತರಗತಿಯವರೆಗಿನ ವಯಸ್ಸು ಬಹಳ ಸೂಕ್ಷ್ಮವಾದುದು. ಅಕ್ಷರ ಕೂಡಿಸಿ ಓದುವುದು ಬಂದಿರುತ್ತದೆ, ಚಿತ್ರಪುಸ್ತಕ ಸಣ್ಣದೆನಿಸತೊಡಗಿರುತ್ತದೆ, ದೊಡ್ಡವರ ಕಾದಂಬರಿ ಇನ್ನೂ ಎಟುಕದು. ಈ ಮೂರು ವರುಷ ಪಠ್ಯಪುಸ್ತಕದ ಹೊರತು ಬೇರೇನೂ ಕೈಗೆ ಸಿಗದಿದ್ದರೆ, ಓದು ಎಂದರೆ ಪರೀಕ್ಷೆ ಎಂಬ ಭಾವನೆ ಮಗುವಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದನ್ನು ಕರಗಿಸುವುದು ಕಷ್ಟ.

ನವಲಗುಂದ ತಾಲ್ಲೂಕಿನ ಯಮನೂರಿನ ಮಗುವೊಂದನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ. ಬೆಣ್ಣೆಹಳ್ಳದ ದಂಡೆಯ ಈ ಊರಿನ ಜಾತ್ರೆಗೆ ಚಾಂಗದೇವನೆಂದು ಹಿಂದೂಗಳೂ ರಾಜಾಬಾಗಸವಾರನೆಂದು ಮುಸಲ್ಮಾನರೂ ಕೂಡಿ ಬರುತ್ತಾರೆ. ಜಾತ್ರೆಗೆ ಹೋದ ಮಗು ಕೇಳುವುದು ಬೆಂಡು ಬತ್ತಾಸು, ಬಲೂನು, ಪೀಪಿ. ಇಂಥ ಮಗುವಿಗೆ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ ಪದ್ಯದ ಹುಡುಗ ಪರಕೀಯನಲ್ಲ. ತಗಡಿನ ತುತ್ತೂರಿ ಕೊಂಡು, ಅದು ತನ್ನ ಬಳಿ ಮಾತ್ರ ಇದೆಯೆಂದು ಬೀಗಿ, ಕೊಳದ ಬಳಿ ಅದನ್ನು ನೀರಿಗೆ ಜಾರಿಸಿಕೊಂಡವನು ಅವನು. ಜಂಬ ಕೂಡದೆಂಬ ನೀತಿ ಅಲ್ಲಿಯೂ ಇದೆ. ಆದರೆ ಮಗು ಮೊದಲು ನಗುತ್ತದೆ, ಅನಂತರ ತನ್ನನ್ನೇ ನೋಡಿಕೊಳ್ಳುತ್ತದೆ. ಪಂಜೆ ಮಂಗೇಶರಾಯರು (1874–1937) ನಾಗರಹಾವನ್ನು ಕುರಿತು ಬರೆದ ಪದ್ಯದಲ್ಲಿ ಬೆರಗೂ ಅಂಜಿಕೆಯೂ ಜೊತೆಯಾಗಿಯೇ ಬರುತ್ತವೆ. ಹೊಲದ ಬದುವಿನಲ್ಲಿ ಹಾವು ಕಂಡ ಮಗು ಇದನ್ನು ಕೂಡಲೇ ನಂಬುತ್ತದೆ.

ಧಾರವಾಡದ ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಶಾಲೆಯಲ್ಲಿ ತಪ್ಪೆಂದು ತಿದ್ದಿಸಿಕೊಳ್ಳುವ ತನ್ನ ಮನೆಯ ಮಾತು ಇಷ್ಟು ಚೆಲುವಾಗಿ ಅಚ್ಚಿನಲ್ಲಿ ನಿಂತಿರುವುದನ್ನು ಕಂಡಾಗ ಮಗುವಿಗೆ ಆಗುವ ಹಿಗ್ಗು ಯಾವ ಬಹುಮಾನಕ್ಕೂ ಕಡಿಮೆಯಲ್ಲ. ವಿಜಯಪುರದ ಕಡೆಯ ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಇವರ ಪದ್ಯಗಳನ್ನೂ ಮನೆಗೆ ತನ್ನಿ. ಪ್ರಾಸಕ್ಕಾಗಿ ಪದ ಹೊಂದಿಸಿ, ಕೊನೆಗೊಂದು ಬುದ್ಧಿಮಾತು ಅಂಟಿಸಿದ ಪದ್ಯಪುಸ್ತಕಗಳಿಗೆ ಕೊರತೆಯಿಲ್ಲ. ಜೊಳ್ಳನ್ನು ಕೇರುವ ಉಪಾಯ ಸುಲಭವಾದುದು. ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿರಿ. ಮೂರನೆಯ ಸಲ ಮಗು ತಾನೇ ಕೇಳಿದರೆ ಅದು ಕಾಳು.

ಪದ್ಯದಿಂದ ದೀರ್ಘ ಕಥೆಗೆ ದಾಟಲು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಒಳ್ಳೆಯ ಸೇತುವೆಯನ್ನು ನಾನು ಕಾಣೆ. ಇಂಗ್ಲಿಷ್ ಕವಿ ಬ್ರೌನಿಂಗನ ಕವನವನ್ನು ಅವರು ತುಂಗೆಯ ದಡಕ್ಕೆ ತಂದು ನಮ್ಮದನ್ನಾಗಿ ಮಾಡಿದರು. ಇಲಿಗಳ ದಂಡನ್ನು ಎಣಿಸುವಾಗ ಮಗು ಕುಣಿಯುತ್ತದೆ. ಆದರೆ ಕಥೆಯ ಒಳಗಿರುವುದು ಕಹಿಯಾದ ಸತ್ಯ. ಊರಿನ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ. ಬೆಲೆ ತೆರುವವರು ಮಕ್ಕಳು. ಇದನ್ನು ಕವಿ ಎಲ್ಲಿಯೂ ನೀತಿಯೆಂದು ಸಾರಿಲ್ಲ. ಹಾಗಿದ್ದರೂ ಕೇಳಿದ ಮಗು ಹಿರಿಯರ ಮುಖ ನೋಡುತ್ತದೆ.

ಇನ್ನು ಅಧ್ಯಾಯಗಳಾಗಿ ಓದುವ ಕಥೆಪುಸ್ತಕಗಳು. ಇಂದು ಅರ್ಧ ಓದಿ, ಪುಟ ಮಡಚಿಟ್ಟು, ನಾಳೆಗೆ ಕಾಯುವುದನ್ನು ಇವು ಕಲಿಸುತ್ತವೆ. ನಾ. ಡಿಸೋಜ ಅವರ (1937–2025) ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. ಶರಾವತಿಗೆ ಅಣೆಕಟ್ಟು ಎದ್ದಾಗ ನೆಲೆ ಕಳೆದುಕೊಂಡವರ ಬದುಕನ್ನು ದೊಡ್ಡವರಿಗಾಗಿ ಬರೆದ ಲೇಖಕರು ಮುಳುಗಡೆಯ ಮಾತನ್ನು ಎಳೆಯರಿಂದಲೂ ಬಚ್ಚಿಡಲಿಲ್ಲ. ಯಮನೂರಿನ ಮಗುವಿಗೆ ಇದು ದೂರದ ಸುದ್ದಿಯೇ? ನವಲಗುಂದದ ಸೀಮೆಗೆ ಕಾಲುವೆಯ ನೀರು ಬರುವುದು ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ. ಅದಕ್ಕಾಗಿಯೂ ಊರುಗಳು ಮುಳುಗಿದವು. ಮಹದಾಯಿ ನೀರಿಗಾಗಿ 2016ರ ಜುಲೈನಲ್ಲಿ ನಡೆದ ಹೋರಾಟದಲ್ಲಿ ಯಮನೂರಿನ ಹೆಸರು ನಾಡಿಗೆಲ್ಲ ಕೇಳಿಸಿತು. ನೀರಿಗಾಗಿ ಹಿರಿಯರು ಬೀದಿಗಿಳಿದುದನ್ನು ಕಂಡ ಮನೆಗಳ ಮಕ್ಕಳಿಗೆ, ನಾವು ಪಡೆಯುವ ನೀರಿನ ಹಿಂದೆ ಮತ್ತೊಬ್ಬರ ಊರಿದೆ ಎಂದು ತಿಳಿಸಬಲ್ಲುದು ಇಂಥ ಓದು.

ಅದೇ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’ (2021), ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ (2023) ಇವೂ ಮಕ್ಕಳ ಕಾದಂಬರಿಗಳೇ. ಇವುಗಳಲ್ಲಿ ಬೀಗಾರರು ಮಲೆನಾಡಿನವರು, ಹಾಲಾಡಿಯವರು ಕರಾವಳಿಯವರು. ಸೂರಕ್ಕಿ ಎಂಬ ಪುಟ್ಟ ಹಕ್ಕಿಯ ಹೆಸರೇ ಎರೆಭೂಮಿಯ ಮಗುವಿಗೆ ಹೊಸದಾಗಿರಬಹುದು. ಇದು ಕೊರತೆಯಲ್ಲ. ಕಾಡು ಕಾಣದವನಿಗೆ ಕಾಡು ತೋರಿಸುವುದು ಪುಸ್ತಕದ ಕೆಲಸವೇ ಸರಿ; ಹೊಸ ಪದ ಬಂದಲ್ಲಿ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಿದ್ದರೆ ಸಾಕು. ಆದರೆ ಹತ್ತಿಯ ಹೊಲ, ಕಡಲೆಯ ಸುಗ್ಗಿ, ತುಂಬಿ ಹರಿದು ದಾರಿ ಕಡಿಯುವ ಬೆಣ್ಣೆಹಳ್ಳ ಇವೂ ಅಷ್ಟೇ ಸಮೃದ್ಧವಾಗಿ ಮಕ್ಕಳ ಕಾದಂಬರಿಗೆ ಬರಲೆಂದು ನಮ್ಮ ಲೇಖಕರನ್ನು ಕೇಳುವ ಹಕ್ಕು ನಮಗಿದೆ.

ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಸಮನಾಗಿರದು, ನಿಜ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿ ಓದಿಗೆ ಕರೆಯುವ ‘ಓದುವ ಬೆಳಕು’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2020ರ ನವೆಂಬರಿನಲ್ಲಿ ಆರಂಭಿಸಿತು. ನಿಮ್ಮೂರಿನ ಗ್ರಂಥಾಲಯಕ್ಕೆ ಮಗುವಿನ ಕೈ ಹಿಡಿದು ಹೋಗಿರಿ. ಮೇಲೆ ಹೇಳಿದ ಪುಸ್ತಕಗಳು ಅಲ್ಲಿಲ್ಲವಾದರೆ ತರಿಸುವಂತೆ ಕೇಳಿರಿ. ಮುಖ್ಯವಾಗಿ, ಪುಸ್ತಕವನ್ನು ಮಗುವೇ ಆರಿಸಲಿ.

ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಅಧ್ಯಾಯವನ್ನು ಮನೆಮಂದಿಗೆಲ್ಲ ಕೇಳುವಂತೆ ಓದಿದರೆ ಒಂದು ಕಾದಂಬರಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಓದಿ ಮುಗಿಸಿದೊಡನೆ ‘ಇದರಿಂದ ಏನು ಕಲಿತೆ?’ ಎಂದು ದಯವಿಟ್ಟು ಕೇಳಬೇಡಿರಿ. ‘ಮುಂದೇನಾಗಬಹುದು?’ ಎಂದು ಕೇಳಿರಿ. ಆ ಪ್ರಶ್ನೆಯೇ ಅದನ್ನು ಮರುದಿನ ಮತ್ತೆ ಪುಸ್ತಕದ ಬಳಿಗೆ ಕರೆತರುತ್ತದೆ.