ದಂಡಿನ ಮಾರಿ

ಕಾಪುವಿನ ಮಾರಿಗುಡಿಗೆ ನಾನು ಮೊದಲು ಹೋದದ್ದು ಅಮ್ಮನ ಹರಕೆಗಾಗಿ. ಆಗ ನನಗೆ ಹತ್ತು ವರ್ಷವೋ ಹನ್ನೊಂದೋ. ಕಾರ್ಕಳದಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ಸುಗ್ಗಿ ಮಾರಿಪೂಜೆಯ ನೂಕುನುಗ್ಗಲಿನಲ್ಲಿ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, "ಈ ಅಮ್ಮ ಇಲ್ಲಿಯವಳಲ್ಲ ಮಗಾ, ದಂಡಿನೊಟ್ಟಿಗೆ ಬಂದವಳು" ಎಂದಿದ್ದರು. ಕೆಳದಿ ನಾಯಕರ ಕಾಲದಲ್ಲಿ ಮಲ್ಲಾರಿನ ಕೋಟೆಯಲ್ಲಿದ್ದ ಸೈನಿಕರು ಪೂಜಿಸಿಕೊಂಡು ಬಂದ ದೇವಿ ಆಕೆ ಎಂಬುದು ಸ್ಥಳದ ನಂಬಿಕೆ. ಆದ್ದರಿಂದಲೇ ಆಕೆ ದಂಡಿನ ಮಾರಿ. ಮಧುಗಿರಿಯಲ್ಲಿಯೂ ಒಬ್ಬ ದಂಡಿನ ಮಾರಮ್ಮ ಇದ್ದಾಳೆ.

ದಂಡು ಎಂದರೆ ಸೈನ್ಯ. ಮಾರಿ ಎಂದರೆ ರೋಗ, ರೋಗವನ್ನು ತರುವವಳು, ಕಳೆಯುವವಳು. ಎರಡರ ನಡುವೆ ಇರುವ ಆ ಷಷ್ಠೀ ವಿಭಕ್ತಿಯನ್ನು ನಾನು ಬಹುಕಾಲ ಗಮನಿಸಿರಲೇ ಇಲ್ಲ. ದಂಡನ್ನು ಕಾಯುವ ಮಾರಿಯೋ, ದಂಡು ಹೊತ್ತು ತಂದ ಮಾರಿಯೋ, ದಂಡನ್ನೇ ತಿನ್ನುವ ಮಾರಿಯೋ? ಹೇಳಿದ ಜನರಿಗೆ ಮೂರೂ ಒಂದೇ ಆಗಿದ್ದಿರಬೇಕು. ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ಪಿಎಚ್‌.ಡಿ.ಯ ಮೂರನೇ ಅಧ್ಯಾಯ ಬರೆಯಲು ಕೂತಾಗ ಈ ಪದ ಮತ್ತೆ ನೆನಪಾಯಿತು. ಕನ್ನಡದ ಯುದ್ಧಕಥನಗಳಲ್ಲಿ ರೋಗ ಎಲ್ಲಿದೆ ಎಂಬುದು ಆ ಅಧ್ಯಾಯದ ಪ್ರಶ್ನೆ.

ಇಲ್ಲ ಎಂದೇ ಹೇಳಬೇಕು. ಯಕ್ಷಗಾನದ ರಂಗದಲ್ಲಿ ಬೆಳಗಿನ ಜಾವದವರೆಗೆ ಯುದ್ಧ ನಡೆಯುತ್ತದೆ. ಹದಿನೆಂಟು ಅಕ್ಷೋಹಿಣಿಯಲ್ಲಿ ಒಬ್ಬನಿಗೂ ಭೇದಿಯಾಗುವುದಿಲ್ಲ, ಒಂದು ಎತ್ತೂ ಹುಲ್ಲಿಲ್ಲದೆ ಬೀಳುವುದಿಲ್ಲ. ಇದು ದೂರಲ್ಲ, ಆಟಕ್ಕೆ ಅದರದೇ ಧರ್ಮವಿದೆ. ಆದರೆ ಐತಿಹಾಸಿಕ ಕಾದಂಬರಿಗಳಿಗೆ ಬಂದಾಗಲೂ ಚಿತ್ರ ಅಷ್ಟೇನೂ ಬದಲಾಗುವುದಿಲ್ಲ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಾಗಲಿ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಾಗಲಿ ಪತನದ ಬೇರುಗಳನ್ನು ನಾವು ಹುಡುಕುವುದು ಮನುಷ್ಯರ ಒಳಗೆ: ಮೋಹ, ದುಡುಕು, ದ್ರೋಹ. ಕನ್ನಡಕ್ಕೆ ರೋಗವನ್ನು ಬರೆಯಲು ಬರುವುದಿಲ್ಲ ಎಂದೇನಲ್ಲ. ‘ಸಂಸ್ಕಾರ’ದ ಪ್ಲೇಗು ಇದೆಯಲ್ಲ, ಇಡೀ ಕಾದಂಬರಿಯನ್ನು ನಡೆಸುವುದು ಅದೇ. ಆದರೆ ಆ ಪ್ಲೇಗು ಬರುವುದು ಅಗ್ರಹಾರಕ್ಕೆ. ರಣರಂಗಕ್ಕೆ ಬಂದ ಕೂಡಲೇ ನಮ್ಮ ಲೇಖಕರಿಗೂ ಓದುಗರಿಗೂ ಒಬ್ಬ ವೀರ, ಒಬ್ಬ ದ್ರೋಹಿ ಬೇಕಾಗುತ್ತಾರೆ.

ನಮ್ಮದೇ ಕರಾವಳಿಯ ಒಂದು ಕತೆಯನ್ನು ನೋಡೋಣ. 1782ರ ಡಿಸೆಂಬರ್ 7ರಂದು ಹೈದರ್ ಅಲಿ ತೀರಿಕೊಂಡ. ಇದೇ ಸಮಯವೆಂದು ಬೊಂಬಾಯಿಯ ಕಂಪನಿ ಸರ್ಕಾರ ಜನರಲ್ ರಿಚರ್ಡ್ ಮ್ಯಾಥ್ಯೂಸನಿಗೆ ನೇರವಾಗಿ ಘಟ್ಟ ಹತ್ತಿ ಬಿದನೂರನ್ನು ಹಿಡಿಯುವಂತೆ ಆಜ್ಞೆ ಕಳಿಸಿತು. ಮೊದಲು ಕರಾವಳಿಯನ್ನು ಭದ್ರಮಾಡಿಕೊಳ್ಳೋಣ ಎಂಬುದು ಮ್ಯಾಥ್ಯೂಸನ ಲೆಕ್ಕ. ಆದರೂ ಹೊರಟ. ಕುಂದಾಪುರ ಹಿಡಿದು, ಹೊಸಂಗಡಿ ಘಾಟಿ ಹತ್ತಿ, 1783ರ ಜನವರಿ ಮುಗಿಯುವಷ್ಟರಲ್ಲಿ ಬಿದನೂರು ಸೇರಿದ. ಅಲ್ಲಿನ ಅಧಿಕಾರಿ ಆಯಾಜ್ ಕಾದಾಡದೆಯೇ ನಗರವನ್ನು ಒಪ್ಪಿಸಿದ. ಆಯಾಜ್ ನಮ್ಮ ಕತೆಗಳಲ್ಲಿ ದ್ರೋಹಿಯ ಪಾತ್ರಕ್ಕೆ ಹೇಳಿ ಮಾಡಿಸಿದವನು. ನಾವು ಸಾಮಾನ್ಯವಾಗಿ ಅವನಲ್ಲಿಗೇ ನಿಲ್ಲುತ್ತೇವೆ.

ನಿಲ್ಲದೆ ಮುಂದೆ ಹೋದರೆ ಕಾಣುವುದು ಬೇರೆ. ಸಿಕ್ಕಿದ ಖಜಾನೆಯ ಹಂಚಿಕೆಗಾಗಿ ಗೆದ್ದವರೊಳಗೇ ಜಗಳ. ಹಿರಿಯ ಅಧಿಕಾರಿಗಳು ಜನರಲ್ಲನ ಮೇಲೆ ದೂರು ಹೇಳಲು ಬೊಂಬಾಯಿಗೆ ಹೊರಟರು. ಇದ್ದ ಸೈನ್ಯ ಕೋಟೆಗೆ ಇಷ್ಟಿಷ್ಟು ಎಂದು ಚೂರುಚೂರಾಗಿ ಹರಡಿಹೋಯಿತು. ಏಪ್ರಿಲ್‌ನಲ್ಲಿ ಟಿಪ್ಪು ದೊಡ್ಡ ಸೇನೆಯೊಂದಿಗೆ ಬಂದು ಕೆಳಗಿನ ಕರಾವಳಿಗೂ ಮೇಲಿನ ನಗರಕ್ಕೂ ಇದ್ದ ಘಾಟಿಯ ದಾರಿಯನ್ನು ಕಡಿದುಹಾಕಿದ. ಬಿದನೂರಿನಲ್ಲಿದ್ದವರಿಗೆ ಇನ್ನು ಅಕ್ಕಿ ಬರುವಂತಿಲ್ಲ, ಮದ್ದುಗುಂಡು ಬರುವಂತಿಲ್ಲ. ಗೆದ್ದು ಮೂರು ತಿಂಗಳಾಗುವಷ್ಟರಲ್ಲಿ ಮ್ಯಾಥ್ಯೂಸ್ ಶರಣಾದ. ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಘಾಟಿಯನ್ನು ಹತ್ತಿದ ವೇಗವೇ ಅವನಿಗೆ ಮುಳುವಾಯಿತು.

ರೋಗದ ಪಾಲು ಬರುವುದು ಮಂಗಳೂರಿನಲ್ಲಿ. ಆ ಮಾರ್ಚಿನಲ್ಲಿ ಕಂಪನಿಯ ಕೈಸೇರಿದ್ದ ಮಂಗಳೂರು ಕೋಟೆಗೆ ಟಿಪ್ಪು ಮೇ 20ರಂದು ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್. ಮೇ 20 ಎಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಿಲ್ಲ. ಇನ್ನೆರಡು ವಾರಕ್ಕೆ ಮಳೆ ಹಿಡಿಯುತ್ತದೆ, ಕಡಲು ಮುಚ್ಚುತ್ತದೆ, ಹಡಗು ದಡಕ್ಕೆ ಬರುವ ಮಾತಿಲ್ಲ. ಜುಲೈಯಲ್ಲಿ ಯುರೋಪಿನಲ್ಲಿ ಶಾಂತಿಯಾದ ಸುದ್ದಿ ಬಂದು, ಟಿಪ್ಪುವಿನ ಕಡೆಯಿದ್ದ ಫ್ರೆಂಚರು ಹಿಂದೆ ಸರಿದರು. ಆಗಸ್ಟ್ 2ರಂದು ಕದನವಿರಾಮ. ನಮ್ಮ ಲೆಕ್ಕದಲ್ಲಿ ಅದು ಆಟಿ ತಿಂಗಳು: ಗದ್ದೆಯ ಕೆಲಸವಿಲ್ಲದ, ಕಣಜ ಬರಿದಾದ, ಜ್ವರ ಹೆಚ್ಚುವ ತಿಂಗಳು. ಆಟಿ ಕಳೆಂಜ ಮನೆಮನೆಗೆ ಬಂದು ಊರಿನ ಮಾರಿಯನ್ನು ಓಡಿಸುವುದು ಆಗಲೇ. ಒಪ್ಪಂದದ ಪ್ರಕಾರ ಕೋಟೆಯೊಳಕ್ಕೆ ಆಹಾರ ಹೋಗಬೇಕಿತ್ತು, ಹೋದದ್ದು ಸಾಲಲಿಲ್ಲ. ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ಹಬ್ಬಿತು. ಒಳಗಿದ್ದವರು ಗುಂಡಿಗಿಂತ ಹಾಸಿಗೆಯಲ್ಲಿ ಹೆಚ್ಚು ಬಿದ್ದರು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆಯನ್ನು ಬಿಟ್ಟುಕೊಟ್ಟು ತಲಶ್ಶೇರಿಗೆ ಹೊರಟ, ಎರಡು ತಿಂಗಳೊಳಗೆ ತೀರಿಕೊಂಡ. ಮಾರ್ಚ್ 11ರ ಮಂಗಳೂರು ಒಪ್ಪಂದಕ್ಕೆ ಕಂಪನಿ ಸಹಿ ಹಾಕಿತು.

ಇದನ್ನೆಲ್ಲ ಸೇರಿಸಿ ಉಡುಪಿಯ ಒಂದು ವಿಚಾರಸಂಕಿರಣದಲ್ಲಿ ‘ಮಳೆ ಗೆದ್ದ ಯುದ್ಧ’ ಎಂಬ ಪ್ರಬಂಧ ಓದಿದೆ. ಚಪ್ಪಾಳೆ ಬಿತ್ತು. ನಮ್ಮ ಮಳೆ, ನಮ್ಮ ಘಟ್ಟ, ನಮ್ಮ ಸೊಳ್ಳೆ ಕೂಡ ಪರಕೀಯರ ವಿರುದ್ಧ ಹೋರಾಡಿದವು ಎಂದು ಅಧ್ಯಕ್ಷರು ಹೇಳಿದಾಗ ನಾನೂ ಹಲ್ಲು ಬಿಟ್ಟೆ. ಅದೇ ಬರಹ ಅಧ್ಯಾಯವಾಗಿ ಗೈಡ್ ಅವರ ಮೇಜಿಗೆ ಹೋಗಿ ವಾಪಸು ಬಂದಾಗ ಶೀರ್ಷಿಕೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎರಡೇ ಪದ: "ಯಾರ ಮಳೆ?"

ಒಂದು ವಾರ ಸಿಟ್ಟಿನಲ್ಲಿದ್ದೆ. ಆಮೇಲೆ ಮತ್ತೆ ಓದಿದೆ. ಕೋಟೆಯೊಳಗೆ ಯುರೋಪಿಯನ್ನರಿಗಿಂತ ಹೆಚ್ಚಿದ್ದವರು ಭಾರತೀಯ ಸಿಪಾಯಿಗಳು. ‘ಪರಕೀಯರು ಸತ್ತರು’ ಎಂದು ನಾನು ಬರೆದದ್ದರಲ್ಲಿ ಅವರೂ ಸೇರಿಹೋಗಿದ್ದರು. ಗೋಡೆಯ ಹೊರಗೆ, ಕಂದಕದ ಕೆಸರಿನಲ್ಲಿ, ಅದೇ ಮಳೆಯಲ್ಲಿ ಟಿಪ್ಪುವಿನ ಸೈನಿಕರೂ ಸೊರಗಿದರು. ಮುತ್ತಿಗೆ ಮುಗಿದ ಬೆನ್ನಿಗೇ, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ, ಕರಾವಳಿಯ ಕ್ರೈಸ್ತರನ್ನು ಸಂಸಾರ ಸಮೇತ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ ಹಸಿವಿನಿಂದ, ಕಾಯಿಲೆಯಿಂದ ಸತ್ತವರು ಯಾವ ಸೈನ್ಯದ ನಷ್ಟದ ಪಟ್ಟಿಯಲ್ಲೂ ಇಲ್ಲ. ಅವರು ಯಾರ ಮೇಲೂ ದಂಡೆತ್ತಿ ಹೋದವರಲ್ಲ.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಗೆದ್ದ ಹುರುಪಿನಲ್ಲಿ ಶ್ರೀರಂಗಪಟ್ಟಣದ ಬಾಗಿಲ ತನಕ ಬಂದ. ಅರಕೆರೆಯ ಹತ್ತಿರದ ಕಾಳಗದಲ್ಲೂ ಗೆದ್ದ. ಆದರೂ ಕೆಲವೇ ದಿನಗಳಲ್ಲಿ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಇಂಗ್ಲಿಷ್ ಬರಹಗಳು ಕೊಡುವ ಕಾರಣಗಳು ಮಳೆ, ಪಾಳೆಯದ ಸಿಡುಬು, ಫಿರಂಗಿ ಎಳೆಯುವ ಎತ್ತುಗಳ ಸಾವು. ಸುಳ್ಳೇನಲ್ಲ. ಆದರೆ ಎತ್ತುಗಳು ಸತ್ತದ್ದು ಬರೀ ಮಳೆಗೋ? ದಾರಿಯುದ್ದಕ್ಕೂ ಮೇವು, ದವಸವನ್ನು ಟಿಪ್ಪುವಿನ ಸವಾರರು ಸುಟ್ಟಿದ್ದರು, ಸಾಗಣೆಯನ್ನು ಕತ್ತರಿಸಿದ್ದರು. ಸೋಲನ್ನು ಆಕಾಶದ ಮೇಲೆ ಹಾಕಿದರೆ ಎದುರಾಳಿಗೆ ಕೊಡಬೇಕಾದ ಮರ್ಯಾದೆ ಉಳಿತಾಯವಾಗುತ್ತದೆ. ವಿಚಿತ್ರವೆಂದರೆ ನನ್ನ ‘ಮಳೆ ಗೆದ್ದ ಯುದ್ಧ’ವೂ ಅದನ್ನೇ ಮಾಡಿತ್ತು. ಅವರ ನೆಪ ಮತ್ತು ನಮ್ಮ ಹೆಮ್ಮೆ ಒಂದೇ ವಾಕ್ಯ. ಎರಡರಲ್ಲೂ ಹುಲ್ಲಿನ ಬಣವೆಗೆ ಬೆಂಕಿಯಿಟ್ಟ ಮನುಷ್ಯ ಕಾಣೆಯಾಗುತ್ತಾನೆ. ತಾನು ಬೆಳೆದ ಬಣವೆ ಉರಿಯುವುದನ್ನು ನೋಡುತ್ತ ನಿಂತ ರೈತನೂ.

ಹೊರಗಿನ ಒಂದು ಉದಾಹರಣೆ ನನಗೆ ಸಹಾಯಕ್ಕೆ ಬಂತು. 1801ರ ಡಿಸೆಂಬರಿನಲ್ಲಿ ನೆಪೋಲಿಯನ್ ತನ್ನ ಭಾವ ಲೆಕ್ಲರ್ಕನನ್ನು ಇಂದಿನ ಹೈಟಿಗೆ ಕಳಿಸಿದ. ಹಳದಿ ಜ್ವರ ಸೈನ್ಯವನ್ನು ನುಂಗಿತು, 1802ರ ನವೆಂಬರಿನಲ್ಲಿ ಲೆಕ್ಲರ್ಕನೂ ಸತ್ತ. ಜ್ವರವೇ ಸೋಲಿಸಿತು ಎಂದರೆ ಕತೆ ಮುಗಿಯಿತು. ಆದರೆ ಗುಲಾಮಗಿರಿಯನ್ನು ಕಿತ್ತೊಗೆದಿದ್ದ ಅಲ್ಲಿನ ನಾಯಕರಿಗೆ ಆ ಜ್ವರ ಯಾವ ಕಾಲದಲ್ಲಿ ಬರುತ್ತದೆಂಬುದು ಗೊತ್ತಿತ್ತು. ಊರು ಸುಟ್ಟು, ಬೆಟ್ಟ ಹತ್ತಿ, ಮಳೆಗಾಲಕ್ಕಾಗಿ ಕಾದಿದ್ದರು. ರೋಗಾಣುವಿಗೆ ಪಕ್ಷವಿಲ್ಲ, ಕಾಯುವವರಿಗೆ ಇತ್ತು. ಹತ್ತು ವರ್ಷದ ನಂತರ ಅದೇ ನೆಪೋಲಿಯನ್ ರಷ್ಯಾದಲ್ಲಿ ಇನ್ನೂ ದೊಡ್ಡ ಸೈನ್ಯವನ್ನು ಹಸಿವು, ಚಳಿ, ಹೇನು ಹರಡುವ ಜ್ವರಗಳಿಗೆ ಒಪ್ಪಿಸಿದ. ಅಲ್ಲಿ ‘ಯುದ್ಧ ಮತ್ತು ಶಾಂತಿ’ ಬರೆಯಲು ಒಬ್ಬ ಟಾಲ್‌ಸ್ಟಾಯ್ ಇದ್ದ, ಸೇನಾಪತಿಯ ಜಾಣತನದ ಮೇಲೆ ನಂಬಿಕೆಯೇ ಇಲ್ಲದ ಲೇಖಕ. ಬಿದನೂರಿಗೋ ಮಂಗಳೂರಿಗೋ ಅಂಥ ಒಂದು ಕನ್ನಡ ಕಾದಂಬರಿ ನನಗಿನ್ನೂ ಸಿಕ್ಕಿಲ್ಲ.

ಆದರೆ ಭಾಷೆ ಏನನ್ನೋ ಇಟ್ಟುಕೊಂಡಿದೆ. 1799ರಲ್ಲಿ ಶ್ರೀರಂಗಪಟ್ಟಣವನ್ನು ಕೊನೆಗೂ ಗೆದ್ದ ಕಂಪನಿಯ ಸೈನ್ಯಕ್ಕೆ ಅಲ್ಲಿ ಸುಖವಾಗಿ ಇರಲಾಗಲಿಲ್ಲ. ನದಿ ಸುತ್ತುವರಿದ ಊರು, ಸೊಳ್ಳೆ, ಬಿಡದ ಜ್ವರ. 1809ರಲ್ಲಿ ಅವರು ಬೆಂಗಳೂರಿಗೆ ಗಂಟುಮೂಟೆ ಕಟ್ಟಿದರು. ಅಲ್ಲಿ ಬೆಳೆದ ಕಂಟೋನ್ಮೆಂಟಿಗೆ ಜನ ಇಟ್ಟ ಹೆಸರು ದಂಡು. ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಇವತ್ತಿಗೂ ‘ಬೆಂಗಳೂರು ದಂಡು’ ಎಂದೇ ಇದೆ. ಜ್ವರ ಓಡಿಸಿದ ದಂಡು ಅದು ಎಂದು ಇಳಿಯುವವರಿಗೆ ಯಾರೂ ಹೇಳುವುದಿಲ್ಲ.

ಅಧ್ಯಾಯದ ಶೀರ್ಷಿಕೆಯನ್ನು ಹೊಡೆದುಹಾಕಿದ್ದೇನೆ. ‘ದಂಡಿನ ಮಾರಿ’ ಎಂದು ಬರೆದು, ಆ ‘ಇನ’ ಪ್ರತ್ಯಯದ ಬಗ್ಗೆಯೇ ನಾಲ್ಕು ಪುಟ ಸೇರಿಸಿದ್ದೇನೆ. ಈ ಸಲದ ಆಟಿ ಅಮಾವಾಸ್ಯೆಗೆ ಕಾರ್ಕಳಕ್ಕೆ ಹೋಗಿದ್ದೆ. ಕತ್ತಲಿರುವಾಗಲೇ ಕಲ್ಲಿನಲ್ಲಿ ಜಜ್ಜಿ ತಂದ ಪಾಲೆಮರದ ಕೆತ್ತೆಯ ಕಷಾಯವನ್ನು ಅಮ್ಮ ಲೋಟದಲ್ಲಿ ಕೊಟ್ಟರು. ಜ್ವರ ಬಾರದಿರಲಿ ಎಂದು ಖಾಲಿ ಹೊಟ್ಟೆಯಲ್ಲಿ ಕುಡಿಯುವ ಆ ಕಹಿ ನನಗೆ ಚಿಕ್ಕಂದಿನಿಂದ ಆಗದು. ಮಂಗಳೂರಿನ ಕೋಟೆಯ ಹೊರಗೆ, ಒಳಗೆ, ಆ ವರ್ಷದ ಆಟಿಯಲ್ಲಿ ಇದನ್ನು ಯಾರಾದರೂ ಕುಡಿದಿರಬಹುದೇ ಎಂದು ಕೇಳಿದೆ. "ಕುಡಿಯದೆ ಇರುತ್ತಾರಾ? ಅವರಿಗೂ ಅಮ್ಮಂದಿರು ಇರಲಿಲ್ಲವಾ?" ಎಂದು ಹೇಳಿ ಅಮ್ಮ ಬಾಯಿಗೆ ಒಂದು ತುಂಡು ಬೆಲ್ಲ ಹಾಕಿದರು.