ಕಡಲ ತೀರದ ಮಗು ಮತ್ತು ತತ್ವಜ್ಞಾನಿಯ ಕಲ್ಪನೆ

ಕಥೆ ಬರೆಯುವವರಿಗೆ ಕಲ್ಪನೆ ಬೇಕು, ತತ್ವಜ್ಞಾನಿಗೆ ತರ್ಕ ಸಾಕು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ಪೂರ್ತಿ ನಿಜವಲ್ಲ. ಹೇಗೆ ಬದುಕಬೇಕು, ಯಾರ ಬದುಕಿಗೆ ಎಷ್ಟು ಬೆಲೆ ಎಂದು ಬರೆಯಲು ಕುಳಿತ ತತ್ವಜ್ಞಾನಿ ಹೆಜ್ಜೆಹೆಜ್ಜೆಗೂ ಇನ್ನೊಬ್ಬರ ಬದುಕನ್ನು ಊಹಿಸಿಕೊಳ್ಳಬೇಕಾಗುತ್ತದೆ. ಆ ಊಹೆ ಬಡವಾಗಿದ್ದರೆ ಅದರ ಮೇಲೆ ಕಟ್ಟಿದ ತರ್ಕ ಎಷ್ಟೇ ಗಟ್ಟಿಯಾಗಿದ್ದರೂ ಬರಹ ಸೋಲುತ್ತದೆ. ಆಸ್ಟ್ರೇಲಿಯಾ ಮೂಲದ ತತ್ವಜ್ಞಾನಿ ಪೀಟರ್ ಸಿಂಗರ್ ಅವರ ಬರಹದಲ್ಲಿ ಈ ಗೆಲುವು, ಸೋಲು ಎರಡನ್ನೂ ಕಾಣಬಹುದು.

ಗೆಲುವನ್ನು ಮೊದಲು ಹೇಳುವುದು ನ್ಯಾಯ. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು 90 ಲಕ್ಷ ನಿರಾಶ್ರಿತರು ಭಾರತದ ಗಡಿಯೊಳಕ್ಕೆ ಬಂದು ಹಸಿವು, ಕಾಯಿಲೆಗಳಲ್ಲಿ ಸಾಯುತ್ತಿದ್ದರು. ಆಗ 25 ವರ್ಷದ ಸಿಂಗರ್ ಒಂದು ಪ್ರಬಂಧ ಬರೆದರು. ಅದು 1972ರಲ್ಲಿ ಅಚ್ಚಾಯಿತು. ಅದರಲ್ಲಿನ ಉದಾಹರಣೆ ಸರಳವಾದುದು. ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದೆ. ಇಳಿದು ಎತ್ತಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೆ. ಎತ್ತದೆ ಹೋಗುವಿರಾ? ಇಲ್ಲವೆಂದಾದರೆ, ದೂರದ ಬಂಗಾಳದ ಮಗುವನ್ನು ಸಾಯಲು ಬಿಡುವುದು ಹೇಗೆ ಸರಿ? ಐಷಾರಾಮಿ ದೇಶಗಳ ಓದುಗರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. 1975ರಲ್ಲಿ ಬಂದ ಅವರ 'ಅನಿಮಲ್ ಲಿಬರೇಷನ್' ಪುಸ್ತಕ ಇನ್ನೂ ದೂರ ಹೋಯಿತು. ಪ್ರಯೋಗಾಲಯಗಳಲ್ಲಿ ಮತ್ತು ಕಾರ್ಖಾನೆಯಂಥ ಸಾಕಣೆ ಕೇಂದ್ರಗಳಲ್ಲಿ ಪ್ರಾಣಿಗಳು ಪಡುವ ಪಾಡನ್ನು ಅವರು ವಿವರ ವಿವರವಾಗಿ ಬರೆದರು. ಆ ಪುಸ್ತಕದ ಶಕ್ತಿ ಇರುವುದು ಆ ವಿವರಗಳಲ್ಲಿಯೇ. ಅವರ ತೀರ್ಮಾನಗಳನ್ನು ಒಪ್ಪದವರೂ ಆ ಪುಟಗಳನ್ನು ಸುಲಭವಾಗಿ ಮರೆಯಲಾರರು.

ಇದೇ ಲೇಖಕರು 1979ರಲ್ಲಿ 'ಪ್ರಾಕ್ಟಿಕಲ್ ಎಥಿಕ್ಸ್' ಬರೆದರು. ನವಜಾತ ಶಿಶುವಿಗೆ ತಾನು ಎಂಬ ಅರಿವಿಲ್ಲ, ಆದ್ದರಿಂದ ತೀವ್ರ ಅಂಗವೈಕಲ್ಯವಿರುವ ಶಿಶುವಿನ ಜೀವವನ್ನು ಕೊನೆಗೊಳಿಸಲು ಕೆಲವು ಸಂದರ್ಭಗಳಲ್ಲಿ ತಂದೆತಾಯಿಗೆ ಅವಕಾಶವಿರಬೇಕು ಎಂಬುದು ಅದರಲ್ಲಿನ ಒಂದು ವಾದ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಶಿಶುವಿನ ಉದಾಹರಣೆಯೂ ಅಲ್ಲಿದೆ. ಆ ಶಿಶುವಿನ ಜಾಗದಲ್ಲಿ ಆರೋಗ್ಯವಂತ ಶಿಶುವೊಂದು ಹುಟ್ಟಿ ಬರುವುದಾದರೆ ಒಟ್ಟು ಸುಖದ ಮೊತ್ತ ಹೆಚ್ಚುತ್ತದೆ ಎಂಬುದು ಅಲ್ಲಿನ ಲೆಕ್ಕ. 1989ರಲ್ಲಿ ಜರ್ಮನಿಯಲ್ಲಿ ಅಂಗವಿಕಲರ ಸಂಘಟನೆಗಳು ಅವರ ಉಪನ್ಯಾಸಗಳ ವಿರುದ್ಧ ತಿರುಗಿಬಿದ್ದವು. 1999ರಲ್ಲಿ ಅವರು ಅಮೆರಿಕದ ಪ್ರಿನ್‌ಸ್ಟನ್ ವಿಶ್ವವಿದ್ಯಾಲಯಕ್ಕೆ ಬಂದಾಗಲೂ ಪ್ರತಿಭಟನೆ ನಡೆಯಿತು.

ಈ ವಾದದ ಧಾರ್ಮಿಕ ವಿಮರ್ಶೆಯನ್ನು ಬಲ್ಲವರು ಮಾಡಲಿ. ಬರಹವಾಗಿ ಅದು ಎಲ್ಲಿ ಸೋಲುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಪಂಜರದ ಕೋಳಿಗೆ ಎಷ್ಟು ಅಂಗುಲ ಜಾಗವಿದೆ ಎಂದು ಅಳೆದು ಬರೆದ ಲೇಖಕರು, ಹಿಮೋಫಿಲಿಯಾ ಇರುವ ಮನುಷ್ಯನ ಒಂದು ದಿನ ಹೇಗಿರುತ್ತದೆ ಎಂದು ಬರೆಯುವುದಿಲ್ಲ. ಆ ಶಿಶು ಮುಂದೆ ಶಾಲೆಗೆ ಹೋಗಬಹುದು, ಯಾರನ್ನಾದರೂ ನಗಿಸಬಹುದು, ಜಗಳವಾಡಬಹುದು. ಲೆಕ್ಕದ ಪುಟದಲ್ಲಿ ಅದಕ್ಕೆ ಕಾಯಿಲೆಯೊಂದನ್ನು ಬಿಟ್ಟರೆ ಬೇರೆ ಗುರುತೇ ಇಲ್ಲ.

ಈ ಕೊರತೆಯನ್ನು ನೇರವಾಗಿ ತೋರಿಸಿಕೊಟ್ಟವರು ಹ್ಯಾರಿಯೆಟ್ ಮೆಕ್‌ಬ್ರೈಡ್ ಜಾನ್ಸನ್. ಅಮೆರಿಕದ ಚಾರ್ಲ್‌ಸ್ಟನ್ ನಗರದ ಈ ವಕೀಲೆಗೆ ಹುಟ್ಟಿನಿಂದಲೇ ಸ್ನಾಯು ಕ್ಷೀಣಿಸುವ ಕಾಯಿಲೆಯಿತ್ತು. ಗಾಲಿಕುರ್ಚಿಯಲ್ಲಿಯೇ ಅವರ ಓಡಾಟ. 2002ರಲ್ಲಿ ಸಿಂಗರ್ ಆಹ್ವಾನದ ಮೇಲೆ ಅವರು ಪ್ರಿನ್‌ಸ್ಟನ್‌ಗೆ ಹೋಗಿ ವಾದಿಸಿದರು. 2003ರಲ್ಲಿ 'ನ್ಯೂಯಾರ್ಕ್ ಟೈಮ್ಸ್ ಮ್ಯಾಗಝಿನ್'ನಲ್ಲಿ ಆ ಅನುಭವವನ್ನು ಬರೆದರು. ಇಬ್ಬರ ನಡುವಿನ ಪತ್ರವ್ಯವಹಾರದಲ್ಲಿ ಸಿಂಗರ್ ಒಂದು ಚಿತ್ರವನ್ನು ಮುಂದಿಟ್ಟಿದ್ದರಂತೆ. ಕಡಲ ತೀರದಲ್ಲಿ ಬೇರೆ ಮಕ್ಕಳು ಆಡುತ್ತಿರುವಾಗ ಅಂಗವಿಕಲ ಮಗುವೊಂದು ಅದನ್ನು ನೋಡುತ್ತಾ ಕುಳಿತಿರುವ ಚಿತ್ರ. ಜಾನ್ಸನ್ ಅಂಥ ಮಗುವೇ ಆಗಿದ್ದವರು. ಓಡದೆ, ನಿಲ್ಲದೆ ತಾನು ಆ ಮರಳಿನಲ್ಲಿ ಹೇಗೆ ಖುಷಿಯಾಗಿ ಆಡುತ್ತಿದ್ದೆ ಎಂದು ಅವರು ವಿವರವಾಗಿ ಉತ್ತರ ಬರೆದರು. ತನ್ನನ್ನು ನೋಡಿ ಅಯ್ಯೋ ಪಾಪ ಎನ್ನುವವರ ಮೇಲೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ ಎಂದರು.

ಉರ್ದುವಿನಲ್ಲಿ ಹಮ್‌ದರ್ದಿ ಎಂಬ ಸುಂದರ ಪದವಿದೆ. ಇನ್ನೊಬ್ಬರ ನೋವಿನಲ್ಲಿ ಜೊತೆಯಾಗುವುದು ಎಂದು ಅದರರ್ಥ. ಕನ್ನಡದ ಸಹಾನುಭೂತಿಯಲ್ಲಿ ನೋವಿನ ಪ್ರಸ್ತಾಪವೇ ಇಲ್ಲ, ಅನುಭವದಲ್ಲಿ ಜೊತೆಯಾಗುವುದು ಎಂದಷ್ಟೇ ಇದೆ. ಬಳಕೆಯಲ್ಲಿ ಮಾತ್ರ ಅದೂ ಕನಿಕರವಾಗಿ ಕುಗ್ಗಿದೆ. ಸಿಂಗರ್ ಅವರಲ್ಲಿ ಹಮ್‌ದರ್ದಿ ಧಾರಾಳವಾಗಿದೆ. ಬಂಗಾಳದ ಮಗುವಿನ ನೋವನ್ನೂ ಪಂಜರದ ಪ್ರಾಣಿಯ ನೋವನ್ನೂ ಅವರು ಬಲ್ಲರು. ಅವರ ಕಲ್ಪನೆ ನಿಂತುಹೋಗುವುದು ಇನ್ನೊಬ್ಬರ ಸಂತೋಷದ ಬಾಗಿಲಲ್ಲಿ. ತನ್ನಂತಿಲ್ಲದವರ ನೋವನ್ನು ಊಹಿಸುವುದಕ್ಕಿಂತ ಅವರ ನಲಿವನ್ನು ಊಹಿಸುವುದು ಕಷ್ಟ. ಸುಖದ ಮೊತ್ತ ಹಾಕಲು ಹೊರಟವರಿಗೆ ಇದು ಸಣ್ಣ ಕೊರತೆಯಲ್ಲ. ಲೆಕ್ಕದ ಒಂದು ಕಡೆಯ ಅಂಕಿಯೇ ತಪ್ಪಾಗಿಬಿಡುತ್ತದೆ.

ಒಬ್ಬ ಜಾನ್ಸನ್ ಸುಖವಾಗಿದ್ದರೆ ಅದು ಎಲ್ಲರ ಪುರಾವೆಯಲ್ಲ, ತತ್ವಜ್ಞಾನಿ ಸಾಮಾನ್ಯ ನಿಯಮವನ್ನು ಹುಡುಕುತ್ತಾನೆ ಎಂದು ಯಾರಾದರೂ ವಾದಿಸಬಹುದು. ಸರಿಯೇ. ಆದರೆ ಕಡಲ ತೀರದ ಮಗುವನ್ನು ಕರೆತಂದವರು ಸ್ವತಃ ಸಿಂಗರ್. ಅದೂ ಒಂದು ಕಥೆ, ಒಂದೇ ಸಾಲಿನ ಕಥೆ. ಕಥೆ ಹೇಳಿ ಓದುಗರ ಮನಸ್ಸು ಒಲಿಸಿಕೊಳ್ಳಲು ಹೊರಟವರು ಕಥೆಯ ನಿಯಮಗಳಿಗೂ ಒಳಪಡಬೇಕು. ಪಾತ್ರದ ದುಃಖವನ್ನು ದೂರದಿಂದಲೇ ತೀರ್ಮಾನಿಸಿ, ಅದರ ಬಾಯಿಂದ ಒಂದು ಮಾತನ್ನೂ ಆಡಿಸದ ಕಥೆಯನ್ನು ಯಾವ ಸಂಪಾದಕರೂ ಮೆಚ್ಚಲಾರರು.

ಸಿಂಗರ್ ಕಟುಕ ಮನಸ್ಸಿನವರೆಂದು ಇದರರ್ಥವಲ್ಲ. ಮರೆವಿನ ಕಾಯಿಲೆಗೆ ತುತ್ತಾದ ತಾಯಿಯ ಆರೈಕೆಗೆ ಅವರು ಹಣ ವೆಚ್ಚ ಮಾಡುತ್ತಿದ್ದರು. 1999ರಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆ ಈ ಬಗ್ಗೆ ಕೇಳಿದಾಗ, ತಾಯಿಯ ವಿಷಯ ಬಂದಾಗ ಇದು ತಾನೆಣಿಸಿದ್ದಕ್ಕಿಂತ ಕಷ್ಟ ಎಂಬರ್ಥದ ಮಾತನ್ನು ಪ್ರಾಮಾಣಿಕವಾಗಿಯೇ ಹೇಳಿದರು. ಟೀಕಾಕಾರರು ಇದನ್ನು ಇಬ್ಬಂದಿತನವೆಂದರು. ಹತ್ತಿರದಿಂದ ಕಂಡಾಗ ಹುಟ್ಟುವ ತಿಳಿವಳಿಕೆ ಎಂದೂ ಅದನ್ನು ಕರೆಯಬಹುದು. ನಾತ್ಸಿಗಳ ಶಿಬಿರದಲ್ಲಿ ಸತ್ತ ತಾತ ಡೇವಿಡ್ ಒಪೆನ್‌ಹೈಮ್ ಬಗ್ಗೆ ಅವರು 2003ರಲ್ಲಿ ಬರೆದ ಪುಸ್ತಕದಲ್ಲಿ ಅಂಥ ತಿಳಿವಳಿಕೆ ಇದೆ. ಹಳೆಯ ಪತ್ರಗಳನ್ನು ಹುಡುಕಿ, ಒಬ್ಬ ಮನುಷ್ಯನನ್ನು ಅಲ್ಲಿ ಅವರು ಪೂರ್ತಿಯಾಗಿ ಕಾಣಲು ಹೊರಟರು. ಹಿಮೋಫಿಲಿಯಾದ ಶಿಶುವಿಗೆ ಆ ಭಾಗ್ಯ ಸಿಗಲಿಲ್ಲ.

ಜಾನ್ಸನ್ ತಮ್ಮ ಬರಹದಲ್ಲಿ ಪ್ರಿನ್‌ಸ್ಟನ್‌ನ ಊಟದ ಮೇಜಿನ ಸಣ್ಣ ಪ್ರಸಂಗವೊಂದನ್ನು ದಾಖಲಿಸಿದ್ದಾರೆ. ಅವರ ಮೊಣಕೈ ಜಾರಿ ಆಸರೆ ತಪ್ಪಿತು. ಪಕ್ಕದಲ್ಲಿದ್ದ ಸಿಂಗರ್‌ಗೆ, ಮಣಿಕಟ್ಟು ಹಿಡಿದು ಇಷ್ಟೇ ಇಷ್ಟು ಮುಂದಕ್ಕೆ ಎಳೆಯಿರಿ ಎಂದು ಹೇಳಿದರು. ಸಿಂಗರ್ ಹೇಳಿದಂತೆಯೇ ಮಾಡಿದರು. ಎಷ್ಟು ಎಳೆಯಬೇಕು ಎಂಬುದನ್ನು ಅವರು ಊಹಿಸಲು ಹೋಗಲಿಲ್ಲ, ಬಲ್ಲವರಿಂದ ಕೇಳಿಕೊಂಡರು. 2008ರಲ್ಲಿ ಜಾನ್ಸನ್ ತೀರಿಕೊಂಡಾಗ, ಅವರದು ಒಳ್ಳೆಯ ಬದುಕಾಗಿತ್ತೆಂದು ಅದೇ ಪತ್ರಿಕೆಯಲ್ಲಿ ಬರೆದರು. ಅವರ ವಾದ ಮಾತ್ರ ಬದಲಾಗಲಿಲ್ಲ.

ಇನ್ನೊಬ್ಬರ ಬದುಕಿನ ಬೆಲೆ ಕಟ್ಟಲು ಹೊರಡುವವರು ತತ್ವಜ್ಞಾನಿಗಳಷ್ಟೇ ಅಲ್ಲ. ಕಾನೂನು ಮಾಡುವವರು, ವೈದ್ಯರು, ಕಥೆ ಬರೆಯುವ ನಮ್ಮಂಥವರು ಎಲ್ಲರೂ ಆ ಕೆಲಸ ಮಾಡುತ್ತೇವೆ. ಇವರ ನೋವೇನು ಎಂದು ಕೇಳುವುದನ್ನು ನಾವು ಕಲಿತಿದ್ದೇವೆ. ಇವರಿಗೆ ಯಾವುದರಲ್ಲಿ ಖುಷಿಯಿದೆ ಎಂದು ಕೇಳುವುದನ್ನು ಇನ್ನೂ ಕಲಿಯಬೇಕಿದೆ.