25 ಸಾವಿರದ ಮನೆಗೆ ಬಾಡಿಗೆ ಎಷ್ಟು?

ಬೆಂಗಳೂರಿನಲ್ಲಿ ಜನ ಅತ್ಯಂತ ಗಮನವಿಟ್ಟು ಓದುವ ಬರಹ ಯಾವುದು ಅಂತ ಕೇಳಿದರೆ ನಾನು ಟು-ಲೆಟ್ ಬೋರ್ಡು ಅಂತೀನಿ. ವಿಜಯನಗರದ ಒಳರಸ್ತೆಗಳಲ್ಲಿ ಇಂಥವನ್ನು ಸಾಕಷ್ಟು ಓದಿದ್ದೀನಿ. ಒಂದು ಫೋನ್ ನಂಬರು, '2 ಬಿಎಚ್‌ಕೆ, ಮೊದಲ ಮಹಡಿ', ಕೆಳಗೆ ಮಾರ್ಕರಿನಲ್ಲಿ 'ವೆಜ್ ಓನ್ಲಿ', ಅದರ ಕೆಳಗೆ 'ಬ್ರೋಕರ್ಸ್ ಎಕ್ಸ್‌ಕ್ಯೂಸ್'. ಯಾರು ಬರಬಾರದು ಅನ್ನೋದನ್ನು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಸ್ಪಷ್ಟವಾಗಿ ಹೇಳುವ ಬರಹ ಇನ್ನೊಂದಿಲ್ಲ. ದುಡ್ಡಿನ ವಿಷಯಕ್ಕೆ ಮಾತ್ರ ಮೌನ.

ಆ್ಯಪ್‌ಗಳು ಈ ಮೌನ ಮುರಿದಂತೆ ಕಾಣುತ್ತವೆ. ಬಾಡಿಗೆಯನ್ನು ದಪ್ಪಕ್ಷರದಲ್ಲಿ ಹಾಕಿ, ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ಕೊಡ್ತವೆ. ನನ್ನ ತಕರಾರು ಆ ಜೋಡಣೆಯ ಮೇಲೇ. ಈ ಊರಲ್ಲಿ ಮನೆ ಅಗ್ಗವೋ ದುಬಾರಿಯೋ ಅಂತ ಬರೀ ಬಾಡಿಗೆ ನೋಡಿ ಹೇಳೋಕಾಗಲ್ಲ.

25,000 ರೂಪಾಯಿಯ ಮನೆ ಅಂತಿಟ್ಕೊಳ್ಳಿ. ಅಡ್ವಾನ್ಸು ಹತ್ತು ತಿಂಗಳದ್ದು, ಅಂದರೆ 2.5 ಲಕ್ಷ. (ಐದಾರು ತಿಂಗಳಿಗೆ ಒಪ್ಪುವವರೂ ಈಗ ಸಿಗ್ತಾರೆ. ಹಳೇ ಬಡಾವಣೆಯ ಓನರ್ ಆಂಟಿಯರು ಅಷ್ಟು ಸುಲಭಕ್ಕೆ ಬಗ್ಗಲ್ಲ.) ಅದೇ ದುಡ್ಡು ಶೇ 7ರ ಎಫ್‌ಡಿಯಲ್ಲಿ ಇದ್ದಿದ್ದರೆ ವರ್ಷಕ್ಕೆ 17,500, ತಿಂಗಳಿಗೆ ಸುಮಾರು 1,450 ಬರ್ತಿತ್ತು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೋತಾರೆ. ಬ್ರೋಕರ್‌ಗೂ ಒಂದು ತಿಂಗಳದ್ದು. ಎರಡು ವರ್ಷ ಇದ್ದರೆ ಇವೆರಡೂ ಸೇರಿ ತಿಂಗಳಿಗೆ 2,080. ಮೇಂಟೆನೆನ್ಸು, ನೀರು 2,000. ಒಟ್ಟು 30,500 ದಾಟಿತು. ಕೆಲಸ ಬದಲಾಗಿ ಒಂದೇ ವರ್ಷಕ್ಕೆ ಬಿಟ್ಟರೆ 32,600. ಹನ್ನೊಂದು ತಿಂಗಳಿಗೊಮ್ಮೆ ಏರುವ ಶೇ 5 ಇದರಲ್ಲಿ ಸೇರಿಲ್ಲ.

ಪಕ್ಕದ ಬೀದಿಯಲ್ಲಿ 28,000ದ ಮನೆಯೊಂದಿದೆ ಅನ್ನಿ. ಎರಡೇ ತಿಂಗಳ ಅಡ್ವಾನ್ಸು, ಬ್ರೋಕರ್ ಇಲ್ಲ, ಪೇಂಟಿಂಗ್‌ಗೆ ಮುರಿಯಲ್ಲ. ಅದೇ ಲೆಕ್ಕದಲ್ಲಿ ಅದಕ್ಕೆ 30,300 ಆಗುತ್ತೆ. ಆ್ಯಪ್‌ನ ಪಟ್ಟಿಯಲ್ಲಿ ಮಾತ್ರ ಅದು 'ದುಬಾರಿ' ಮನೆ, ಎಲ್ಲೋ ಕೆಳಗಿರುತ್ತೆ.

ಇದು ಬರೀ ಎರಡು ಮೂರು ಸಾವಿರದ ವ್ಯತ್ಯಾಸ ಆಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ತಿಂಗಳಿಗೆ ತಲಾ 12,500 ಕೊಡಬಲ್ಲರು. ಮೊದಲ ದಿನವೇ ತಲಾ 1.25 ಲಕ್ಷ ಎಣಿಸೋದು ಅಪ್ಪನ ಹತ್ತಿರ ಉಳಿತಾಯ ಇದ್ದವರಿಗೆ ಮಾತ್ರ ಸಾಧ್ಯ. ಉಳಿದವರು ಪಿಜಿಗೆ ಹೋಗ್ತಾರೆ, ಅರ್ಧ ರೂಮಿಗೆ ದುಡ್ಡು ಕೊಟ್ಟು, ಅವರು ಹಾಕಿದ್ದನ್ನು ತಿಂದ್ಕೊಂಡು. ಭೋಗ್ಯದ ಮನೆಯಂತೂ ಇನ್ನೂ ದೂರದ ಮಾತು. ಅಲ್ಲಿ ತಿಂಗಳ ಬಾಡಿಗೆ ಇಲ್ಲ ನಿಜ, ಆದರೆ ಲಕ್ಷಗಟ್ಟಲೆ ಒಟ್ಟಿಗೇ ಕೊಡಬೇಕು. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಕೊಟ್ಟ ದುಡ್ಡಿಗೆ ದೇವರೇ ಗತಿ.

ಕಾನೂನು ಇಲ್ವಾ ಅಂತ ಕೇಳಬಹುದು. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆ ಅದರ ವ್ಯಾಪ್ತಿಗೇ ಬರಲ್ಲ. ಆ ಬಾಡಿಗೆಗೆ ವಿಜಯನಗರದಲ್ಲಿ ಈಗ ಕಾರು ನಿಲ್ಲಿಸೋಕೆ ಜಾಗ ಸಿಕ್ಕರೆ ಹೆಚ್ಚು. 2021ರ ಕೇಂದ್ರದ ಮಾದರಿ ಕಾಯ್ದೆ, ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಅನ್ನುತ್ತೆ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ತನ್ನದೇ ಕಾಯ್ದೆ ಮಾಡಿದರಷ್ಟೇ ಉಪಯೋಗ.

ಅಲ್ಲಿಯವರೆಗೆ ನಮಗಿರೋದು ಹನ್ನೊಂದು ತಿಂಗಳ ಅಗ್ರಿಮೆಂಟು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅಂತ 1908ರ ಕಾಯ್ದೆ ಹೇಳೋದರಿಂದ ಹುಟ್ಟಿದ ಹನ್ನೊಂದು ಅದು. ಸಹಿ ಹಾಕೋ ಮುಂಚೆ ಪೇಂಟಿಂಗ್ ಸಾಲನ್ನು ನಿಧಾನಕ್ಕೆ ಓದಿ. 'ಒಂದು ತಿಂಗಳ ಬಾಡಿಗೆ' ಅಂತಿದ್ದರೆ ಯಾವ ತಿಂಗಳದ್ದು ಅಂತ ಕೇಳಿ, ಸೇರಿದಾಗಿನದೋ ಬಿಡುವಾಗಿನದೋ. ನನ್ನ ಹಿಂದಿನ ಓನರ್ ಬಿಡುವಾಗಿನದನ್ನೇ ಹಿಡಿದರು, ಆಮೇಲೆ ಗೋಡೆಗೆ ಬ್ರಷ್ ಕೂಡ ತಾಗಿಸದೆ ಮುಂದಿನವರಿಗೆ ಕೀ ಕೊಟ್ಟರು.